ಸರಳೆಗೆ ಮರಳಬೇಕೆ, ವರ್ಣಕ್ಕೆ ಹೋಗಬೇಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 34 ವರ್ಷ, ಶಿವಮೊಗ್ಗದಲ್ಲಿ ಬ್ಯಾಂಕ್ ಉದ್ಯೋಗಿ. ಹೈಸ್ಕೂಲಿನಲ್ಲಿದ್ದಾಗ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಆಮೇಲೆ ನಿಂತುಹೋದ ಪಾಠವನ್ನು ಎರಡು ವರ್ಷದಿಂದ ಆನ್‌ಲೈನ್ ತರಗತಿಯಲ್ಲಿ ಮತ್ತೆ ಹಿಡಿದಿದ್ದೇನೆ. ತರಗತಿಯಲ್ಲಿ ಎಲ್ಲರೂ ಐದೂವರೆ ಮನೆ ಶ್ರುತಿಗೆ (ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಆಧಾರ ಸ್ವರದ ಎತ್ತರ) ಹಾಡುತ್ತೇವೆ. ಆರಂಭದ ಸ್ವರಪಾಠಗಳಾದ ಸರಳೆ, ಜಂಟಿ, ಅಲಂಕಾರ ಎಲ್ಲವೂ ಬಾಯಿಪಾಠವಿದೆ. ಆದರೆ ಧೈವತ ದಾಟಿ ಮೇಲೇರುವಾಗ ದನಿ ಒಡೆಯುತ್ತದೆ, ಮೂರನೇ ಕಾಲದ ವೇಗದಲ್ಲಿ ಸ್ವರಗಳು ಕಲಸಿಹೋಗುತ್ತವೆ, ಅರ್ಧ ಗಂಟೆ ಹಾಡಿದರೆ ಗಂಟಲು ಕಟ್ಟುತ್ತದೆ. ಮುಂದಿನ ತಿಂಗಳಿಂದ ಸ್ವರ, ಸಾಹಿತ್ಯ ಎರಡೂ ಇರುವ ದೊಡ್ಡ ಪಾಠವಾದ ವರ್ಣ ಶುರುವಾಗಲಿದೆ. ವರ್ಣಕ್ಕೆ ಹೋಗಲೇ, ಮತ್ತೆ ಸರಳೆಯಿಂದ ಆರಂಭಿಸಲೇ? ಬಾಯಿಪಾಠವಿರುವ ಸರಳೆಯಲ್ಲಿ ಇನ್ನು ಕಲಿಯುವುದೇನಿದೆ? ಈ ವಯಸ್ಸಿನಲ್ಲಿ ಕಂಠ ಪಳಗುತ್ತದೆಯೇ? ಗಂಟಲಿಗೆ ಏನಾದರೂ ಮನೆಮದ್ದು ಇದೆಯೇ?

ಉತ್ತರ: ಸರಳೆಗೆ ಮರಳಿ. ಬಾಯಿಪಾಠವಿರುವುದೇ ಈಗ ನಿಮಗೆ ದೊಡ್ಡ ಅನುಕೂಲ. ಮುಂದಿನ ಸ್ವರ ಯಾವುದೆಂದು ನೆನಪಿಸಿಕೊಳ್ಳುವ ಕೆಲಸ ಇಲ್ಲದಿರುವುದರಿಂದ ಗಮನವನ್ನೆಲ್ಲ ದನಿಯ ಮೇಲೆ ಇಡಬಹುದು. ಮಕ್ಕಳಿಗೆ ಸರಳೆ ಕಲಿಸುವಾಗ ನಾವು ಸ್ವರಗಳ ಸಾಲನ್ನು ಕಲಿಸುತ್ತೇವೆ. ಅದೇ ಸರಳೆ ಕಂಠಕ್ಕೆ ಏನು ಮಾಡಬಲ್ಲದು ಎಂಬ ಪಾಠ ಹೆಚ್ಚಿನವರಿಗೆ ಸಿಗುವುದೇ ಇಲ್ಲ. ಸಾಲು ಬಂದ ಕೂಡಲೇ ಮುಂದಿನ ಪಾಠ, ಗೀತೆ ಬಂದ ಕೂಡಲೇ ಸ್ವರಜತಿ, ಹೀಗೆ ಪುಸ್ತಕ ಮುಗಿಯುತ್ತದೆ, ಕಂಠ ಹಿಂದೆಯೇ ಉಳಿಯುತ್ತದೆ. ನಿಮಗೂ ಆಗಿರುವುದು ಅದೇ. ಸರಿಪಡಿಸಲು ಸಾಧ್ಯವಿಲ್ಲದ್ದು ನೀವು ಬರೆದದ್ದರಲ್ಲಿ ಯಾವುದೂ ಇಲ್ಲ.

ಮೊದಲು ಶ್ರುತಿಯ ವಿಷಯ ಇತ್ಯರ್ಥವಾಗಲಿ. ದನಿ ಒಡೆಯುವುದಕ್ಕೂ ಗಂಟಲು ಕಟ್ಟುವುದಕ್ಕೂ ಬೇರು ಬಹುಪಾಲು ಅಲ್ಲಿದೆ. ಐದೂವರೆ ಮನೆಯಲ್ಲಿ ಆಧಾರ ಷಡ್ಜ ಹಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 208 ಬಾರಿ ಕಂಪಿಸುತ್ತವೆ. ಅದೇ ಶ್ರುತಿಯಲ್ಲಿ ಸರಳೆ ಹಾಡುವ ರಾಗವಾದ ಮಾಯಾಮಾಳವಗೌಳದ ಧೈವತ ಸುಮಾರು 330ಕ್ಕೆ, ನಿಷಾದ 390ರ ಆಸುಪಾಸಿಗೆ, ತಾರ (ಮೇಲಿನ ಸ್ಥಾಯಿಯ) ಷಡ್ಜ 415ಕ್ಕೆ ಬರುತ್ತದೆ. ಹೆಚ್ಚಿನ ಹೆಂಗಸರ ಕಂಠದಲ್ಲಿ ದಪ್ಪದನಿ ತೆಳುದನಿಗೆ ತಿರುಗುವ ಜಾಗ ಇರುವುದು 300 ಮತ್ತು 400ರ ನಡುವೆ. ಅಂದರೆ ನಿಮ್ಮ ದನಿ ಒಡೆಯುತ್ತಿರುವುದು ಒಡೆಯಬೇಕಾದ ಜಾಗದಲ್ಲೇ. ಆ ತಿರುವು ಎಲ್ಲರ ಗಂಟಲಿನಲ್ಲೂ ಇದೆ. ಪಳಗಿದ ಗಾಯಕಿಯಲ್ಲಿ ಅದು ಕೇಳಿಸುವುದಿಲ್ಲ, ಅಷ್ಟೇ.

ಅಲ್ಲಿ ನಡೆಯುವುದು ಇಷ್ಟು. ಧ್ವನಿತಂತುಗಳ ಒಳಗೇ ಇರುವ ಒಂದು ಸ್ನಾಯು ಅವನ್ನು ಗಿಡ್ಡವಾಗಿ, ದಪ್ಪವಾಗಿ ಇರಿಸುತ್ತದೆ. ಧ್ವನಿಪೆಟ್ಟಿಗೆಯ ಮುಂಭಾಗದಲ್ಲಿರುವ ಇನ್ನೊಂದು ಅವನ್ನು ಎಳೆದು ಉದ್ದವಾಗಿ, ತೆಳುವಾಗಿ ಮಾಡುತ್ತದೆ. ಮೇಲೇರುವಾಗ ಮೊದಲನೆಯದು ಹಿಡಿತ ಸಡಿಲಿಸುತ್ತ ಹೋಗಬೇಕು, ಎರಡನೆಯದು ಎಳೆತ ಹೆಚ್ಚಿಸುತ್ತ ಹೋಗಬೇಕು. ಕೆಳಗಿನ ಷಡ್ಜದ ದಪ್ಪವನ್ನೇ ಹೊತ್ತುಕೊಂಡು ನಿಷಾದದವರೆಗೆ ಹೋಗಲು ಯತ್ನಿಸಿದರೆ ಉಸಿರಿನ ಒತ್ತಡ ಏರುತ್ತದೆ, ಹಾಡು ಕೂಗಾಗುತ್ತದೆ, ಒಂದು ಹಂತದಲ್ಲಿ ಹಿಡಿತ ಥಟ್ಟನೆ ಜಾರುತ್ತದೆ. ಅರ್ಧ ಗಂಟೆಯ ನಂತರ ಗಂಟಲು ಕಟ್ಟುವುದು ಆ ಒತ್ತಡದ ಫಲ.

ಹಾಗಾಗಿ ಶ್ರುತಿಯನ್ನು ಇಳಿಸಿ. ನಿಮ್ಮ ದನಿಗೆ ಯಾವುದು ಹೊಂದುತ್ತದೆಂದು ಕೇಳದೆ ಹೇಳಲಾರೆ, ಪರೀಕ್ಷಿಸುವ ಬಗೆ ಹೇಳುತ್ತೇನೆ. ತಂಬೂರಿ ಅಥವಾ ಮೊಬೈಲಿನ ಶ್ರುತಿಪೆಟ್ಟಿಗೆ ಹಾಕಿಕೊಂಡು ಮಂದ್ರ (ಕೆಳಗಿನ ಸ್ಥಾಯಿಯ) ಪಂಚಮಕ್ಕೆ ಇಳಿಯಿರಿ. ಅದು ಬರೀ ಗಾಳಿಯಾಗದೆ ಸ್ವರವಾಗಿ ನಿಲ್ಲಬೇಕು. ನಂತರ ತಾರ ಗಾಂಧಾರಕ್ಕೆ ಹೋಗಿ. ಗಲ್ಲ ಮೇಲೆತ್ತದೆ, ಕತ್ತಿನ ನರ ಉಬ್ಬದೆ ಅದು ಸಿಗಬೇಕು. ಎರಡೂ ಸಿಗುವ ಮನೆ ನಿಮ್ಮ ಮನೆ. ಬಹುಶಃ ಅದು ನಾಲ್ಕೂವರೆ ಅಥವಾ ಐದು ಇದ್ದೀತು. ಗುಂಪಿನ ತರಗತಿಯಲ್ಲಿ ಎಲ್ಲರಿಗೂ ಒಂದೇ ಶ್ರುತಿ ಇಡುವುದು ಕಲಿಸುವವರ ಅನಿವಾರ್ಯ, ಅದಕ್ಕಾಗಿ ಅವರನ್ನು ದೂರುವಂತಿಲ್ಲ. ಪಾಠವನ್ನು ಅವರ ಶ್ರುತಿಯಲ್ಲಿ ಕೇಳಿಸಿಕೊಳ್ಳಿ, ಸಾಧನೆಯನ್ನು ನಿಮ್ಮ ಶ್ರುತಿಯಲ್ಲಿ ಮಾಡಿ. ಶ್ರುತಿ ಇಳಿಸುವುದನ್ನು ಸೋಲು ಎಂದುಕೊಳ್ಳುವವರಿಗೆ ನಾನು ಗಂಗೂಬಾಯಿ ಹಾನಗಲ್ಲರ ಧ್ವನಿಮುದ್ರಿಕೆಗಳನ್ನು ಕೇಳಲು ಹೇಳುತ್ತೇನೆ. ಎಳೆಯ ವಯಸ್ಸಿನ ಮುದ್ರಿಕೆಗಳಲ್ಲಿ ಅವರ ದನಿ ತೆಳು, ಎತ್ತರ. ಗಂಟಲಿನ ಚಿಕಿತ್ಸೆಯ ಬಳಿಕ ಅದು ಗಡುಸಾಗಿ ಕೆಳಗಿಳಿಯಿತು. ಬಂದ ದನಿಗೆ ತಕ್ಕ ಶ್ರುತಿ ಹಿಡಿದು ಅವರು ಹಾಡಿದರು, ನಾವು ಇಂದಿಗೂ ತಲೆಬಾಗುವುದು ಆ ಹಾಡಿಕೆಗೆ. ದೂರದರ್ಶನದ ಸ್ಪರ್ಧೆಗಳಲ್ಲಿ ಎಳೆಯ ಮಕ್ಕಳು ತಮ್ಮದಲ್ಲದ ಎತ್ತರಕ್ಕೆ ದನಿ ಏರಿಸಿ ಕೂಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ಗಂಟಲುಗಳಿಗೆ ಯಾರಾದರೂ ಅವರದೇ ಶ್ರುತಿ ಹುಡುಕಿಕೊಡಬೇಕು.

ಶ್ರುತಿ ಇಳಿಸಿದರೆ ತಿರುವು ಮಾಯವಾಗುವುದಿಲ್ಲ, ಸ್ವಲ್ಪ ಮೇಲಿನ ಸ್ವರಕ್ಕೆ ಸರಿಯುತ್ತದೆ. ಅದನ್ನು ದಾಟುವ ಕೆಲಸವನ್ನು ಸಾಧನೆಯೇ ಮಾಡಬೇಕು.

ಸಾಧನೆಯ ಮೊದಲ ಐದಾರು ನಿಮಿಷ ಸ್ವರದ ಹೆಸರು ಬೇಡ. ತುಟಿಗಳನ್ನು ಸಡಿಲ ಬಿಟ್ಟು, ಸಣ್ಣ ಮಕ್ಕಳು ಬಸ್ಸಿನ ಆಟ ಆಡುವಾಗ ಮಾಡುವ ಹಾಗೆ ‘ಬುರ್ರ್’ ಎನ್ನಿಸುತ್ತ ಷಡ್ಜದಿಂದ ಪಂಚಮಕ್ಕೆ ಜಾರಿ, ಮತ್ತೆ ಇಳಿಯಿರಿ. ಅದು ಬಾರದಿದ್ದರೆ ತಂಪುಪಾನೀಯ ಕುಡಿಯುವ ಕೊಳವೆಯನ್ನು ತುಟಿಯಲ್ಲಿ ಕಚ್ಚಿ ಅದರೊಳಗೆ ‘ಊ’ ಎಂದು ಹಾಡಿ. ಬಾಯಿಯ ದಾರಿ ಕಿರಿದಾದಾಗ ಗಾಳಿಯ ಸ್ವಲ್ಪ ಒತ್ತಡ ಹಿಂದಕ್ಕೆ ಮರಳಿ ಧ್ವನಿತಂತುಗಳ ಮೇಲಿನ ಜಾಗದಲ್ಲಿ ನಿಲ್ಲುತ್ತದೆ. ಆಗ ತಂತುಗಳು ಒಂದಕ್ಕೊಂದು ಜೋರಾಗಿ ಬಡಿದುಕೊಳ್ಳದೆ ಹಗುರವಾಗಿ ಕಂಪಿಸುತ್ತವೆ. ದನಿಗೆ ಚಿಕಿತ್ಸೆ ಕೊಡುವವರೂ ಇದನ್ನೇ ಮಾಡಿಸುತ್ತಾರೆ. ನಿಮ್ಮಂತೆ ದಿನವಿಡೀ ಗ್ರಾಹಕರೊಂದಿಗೆ ಮಾತನಾಡುವವರು ಸಂಜೆ ಹಾಡುವ ಮುನ್ನ ಇದನ್ನು ತಪ್ಪಿಸಲೇಬಾರದು.

ಆಮೇಲೆ ಒಂದೇ ಒಂದು ಸ್ವರ, ಷಡ್ಜ. ಭುಜ ಏರಿಸದೆ, ಪಕ್ಕೆ ಮತ್ತು ಹೊಟ್ಟೆ ಅಗಲವಾಗುವಂತೆ ಉಸಿರು ಎಳೆದುಕೊಳ್ಳಿ. ಪೂರ್ತಿ ತುಂಬಿಕೊಳ್ಳಬೇಡಿ. ಉಬ್ಬುವಷ್ಟು ತುಂಬಿದ ಉಸಿರು ಹೊರಬರಲು ತಾನೇ ಒತ್ತುತ್ತದೆ, ಅದನ್ನು ತಡೆಯಲು ಗಂಟಲು ಬಿಗಿಯುತ್ತದೆ. ಮುಕ್ಕಾಲು ಉಸಿರು ಸಾಕು. ಶ್ರುತಿಯೊಳಗೆ ನಿಮ್ಮ ದನಿ ಬೆರೆತು ಎರಡೂ ಬೇರೆಯಾಗಿ ಕೇಳಿಸದಂತಾಗುವವರೆಗೆ ಅದೇ ಸ್ವರದಲ್ಲಿ ಇರಿ. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ಸವಾಯಿ ಗಂಧರ್ವರು ಕುಂದಗೋಳದಲ್ಲಿ ತಮ್ಮ ಶಿಷ್ಯರನ್ನು ಕೆಲವೇ ರಾಗಗಳಲ್ಲಿ ದೀರ್ಘಕಾಲ ಹಿಡಿದಿಡುತ್ತಿದ್ದರು. ಅಲ್ಲಿಂದ ಹೊರಬಂದ ಭೀಮಸೇನ ಜೋಶಿಯವರ ಒಂದು ಷಡ್ಜಕ್ಕೆ ಸಭೆ ಹೇಗೆ ತುಂಬುತ್ತಿತ್ತೆಂಬುದನ್ನು ಕೇಳಿದವರು ಬಲ್ಲರು. ಅದು ಹಿಂದೂಸ್ತಾನಿ ಪದ್ಧತಿ ಎಂದು ನಾವು ಬಿಡಬೇಕಾಗಿಲ್ಲ.

ಇನ್ನು ಸರಳೆ. ಪುರಂದರದಾಸರು (1484–1564) ಆರಂಭದ ಪಾಠಗಳಿಗೆ ಮಾಯಾಮಾಳವಗೌಳವನ್ನು ಗೊತ್ತುಮಾಡಿದರು ಎಂದು ನಮ್ಮ ಪರಂಪರೆ ಹೇಳುತ್ತದೆ. ಕಂಠದ ದೃಷ್ಟಿಯಿಂದ ನೋಡಿದರೆ ಆ ಆಯ್ಕೆ ನನ್ನಲ್ಲಿ ಬೆರಗು ಹುಟ್ಟಿಸುತ್ತದೆ. ಸ್ಥಾಯಿಯ 12 ಸ್ವರಸ್ಥಾನಗಳ ಲೆಕ್ಕದಲ್ಲಿ ಷಡ್ಜದಿಂದ ರಿಷಭಕ್ಕೆ ಒಂದು ಸ್ಥಾನ, ಅಲ್ಲಿಂದ ಗಾಂಧಾರಕ್ಕೆ ಮೂರು, ಮಧ್ಯಮಕ್ಕೆ ಮತ್ತೆ ಒಂದು. ಪಂಚಮದಿಂದ ತಾರ ಷಡ್ಜದವರೆಗೆ ಇದೇ ಅಳತೆ ಮರುಕಳಿಸುತ್ತದೆ. ಅತಿ ಸಣ್ಣ ಅಂತರವನ್ನೂ ದೊಡ್ಡ ಅಂತರವನ್ನೂ ಕಂಠ ಪಕ್ಕಪಕ್ಕದಲ್ಲೇ ಕಲಿಯುತ್ತದೆ. ‘ಸರಿಗಮ’ ಸರಿಯಾಗಿ ಬಂದವರು ‘ಪದನಿಸ’ವನ್ನು ಅದರ ಪಕ್ಕ ಇಟ್ಟು ತಾವೇ ತಾಳೆ ನೋಡಬಹುದು. ನಿಮ್ಮ ಕೆಲಸ ಇಲ್ಲಿಂದಲೇ ಆರಂಭವಾಗಲಿ. ‘ಸರಿಗಮ’ ಹಾಡಿ ನಿಲ್ಲಿಸಿ, ‘ಪದನಿಸ’ ಹಾಡಿ, ಮೊಬೈಲಿನಲ್ಲಿ ಮುದ್ರಿಸಿಕೊಂಡು ಕೇಳಿ. ರಿಷಭ ಮತ್ತು ಧೈವತ ಎರಡೂ ತಮ್ಮ ಜಾಗಕ್ಕಿಂತ ಮೇಲೆ ತೇಲುವುದು ಸಾಮಾನ್ಯ. ಷಡ್ಜಕ್ಕೆ, ಪಂಚಮಕ್ಕೆ ಅವು ಎಷ್ಟು ಅಂಟಿಕೊಂಡಿರಬೇಕೆಂಬುದು ಕಿವಿಗೆ ಹತ್ತಲು ಸಮಯ ಬೇಕು.

ನಂತರ ಅದೇ ಸಾಲುಗಳನ್ನು ಅಕಾರದಲ್ಲಿ, ಅಂದರೆ ಸ್ವರದ ಹೆಸರಿಲ್ಲದೆ ಬರೀ ‘ಆ’ ಎಂದು ಹಾಡಿ. ಬಾಯಿಪಾಠವಿದ್ದರೂ ಕಂಠಕ್ಕೆ ಬಂದಿಲ್ಲ ಎನ್ನುವುದು ಬಯಲಾಗುವುದು ಇಲ್ಲಿ. ‘ಸ’ ಮತ್ತು ‘ಪ’ ಎಂಬ ವ್ಯಂಜನಗಳನ್ನು ಉಚ್ಚರಿಸುವಾಗ ಧ್ವನಿತಂತುಗಳ ಕಂಪನ ಕ್ಷಣಕಾಲ ನಿಂತೇ ಹೋಗುತ್ತದೆ. ಗ, ದ ಎನ್ನುವಾಗ ಬಾಯಿಯ ದಾರಿ ಮುಚ್ಚಿ ತೆರೆಯುತ್ತದೆ. ಈ ಸಂದುಗಳಲ್ಲಿ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಎಡವಿಕೊಂಡು ಹೋದರೂ ಕೇಳುವವರಿಗೆ ಗೊತ್ತಾಗುವುದಿಲ್ಲ. ಅಕಾರದಲ್ಲಿ ಅಡಗಲು ಜಾಗವೇ ಇಲ್ಲ. ಇನ್ನೊಂದು ಮಾತು. ಸರಿಗಮಪದನಿ ಎಂಬ ಏಳು ಅಕ್ಷರಗಳಲ್ಲಿ ಐದು ‘ಅ’ಕಾರಾಂತ, ಎರಡು ‘ಇ’ಕಾರಾಂತ. ವರ್ಷಗಟ್ಟಲೆ ಸ್ವರ ಮಾತ್ರ ಹಾಡಿದ ಕಂಠಕ್ಕೆ ಉ, ಎ, ಒ ಗಳಲ್ಲಿ ಅಭ್ಯಾಸವೇ ಆಗಿರುವುದಿಲ್ಲ. ದೇವರನಾಮ ಹಾಡಲು ಹೊರಟಾಗ ಸಾಹಿತ್ಯದಲ್ಲಿ ದನಿ ಬಣ್ಣ ಬದಲಿಸುವುದು ಇದರಿಂದಲೇ. ಆದ್ದರಿಂದ ಸರಳೆಯ ಒಂದೆರಡು ಸಾಲನ್ನು ದಿನವೂ ‘ಊ’ ಮತ್ತು ‘ಓ’ಗಳಲ್ಲಿ ಹಾಡಿ.

ಈ ‘ಊ’ ನಿಮ್ಮ ಧೈವತ–ನಿಷಾದದ ತಿರುವಿಗೆ ಒಳ್ಳೆಯ ಮದ್ದು. ಸರಳೆಯನ್ನು ಕೆಳಗಿನಿಂದ ಏರುವ ಬದಲು ಮೇಲಿನಿಂದ ಇಳಿಸಿ. ತಾರ ಷಡ್ಜವನ್ನು ಪಕ್ಕದ ಕೋಣೆಯಲ್ಲಿ ಮಲಗಿರುವ ಮಗು ಏಳದಷ್ಟು ಮೆಲ್ಲಗೆ ‘ಊ’ ಎಂದು ಹಿಡಿದು ಸನಿದಪ, ಅಲ್ಲಿಂದ ಮಗರಿಸ. ಮೇಲಿನ ತೆಳುತನವನ್ನು ಕೆಳಗೆ ತರುತ್ತ ಬಂದಾಗ ತಂತುಗಳು ನಿಧಾನವಾಗಿ ದಪ್ಪವಾಗಲು ಕಲಿಯುತ್ತವೆ. ಕೆಲವು ವಾರಗಳ ನಂತರ ಅದೇ ಸದ್ದಿನಲ್ಲಿ ಏರಲು ಯತ್ನಿಸಿ. ಹೀಗೆ ಬರುವ ಮೇಲಿನ ಷಡ್ಜ ಮೊದಮೊದಲು ಬಡಕಲಾಗಿ ಕೇಳಿಸುತ್ತದೆ, ಇದು ಕಳ್ಳಕಂಠ ಎಂದು ಮನೆಯವರೋ ಸಹಪಾಠಿಗಳೋ ಹೇಳಬಹುದು. ಕಛೇರಿಯಲ್ಲಿ ತುಂಬುಕಂಠವೇ ಬೇಕು, ನಿಜ. ಆದರೆ ಆ ತುಂಬು ಬರುವುದು ದಾರಿ ಸುಗಮವಾದ ಮೇಲೆ, ಸ್ವಲ್ಪಸ್ವಲ್ಪವಾಗಿ ಸದ್ದು ಏರಿಸಿದಾಗ. ದನಿ ಒಡೆದರೆ ಆ ದಿನ ಸದ್ದನ್ನು ಒಂದು ಹಂತ ಇಳಿಸಿಬಿಡಿ.

ಸರಳೆಯ ಕೊನೆಯ ಸಾಲುಗಳಲ್ಲಿ ಪಂಚಮವನ್ನು ಎಳೆದು ನಿಲ್ಲಿಸುವ ಜಾಗಗಳಿವೆಯಲ್ಲ, ಅವುಗಳನ್ನು ಎಲ್ಲರೂ ಉಸಿರು ತೆಗೆದುಕೊಳ್ಳುವ ಬಿಡುವೆಂದು ಬಳಸುತ್ತಾರೆ. ಅಲ್ಲಿ ಸ್ವರವನ್ನು ಅಲುಗದೆ ಹಿಡಿಯಬೇಕು. ನಾಲ್ಕು ಅಕ್ಷರದುದ್ದ ನಿಂತ ಪಂಚಮ ಕೊನೆಯಲ್ಲಿ ಕೂದಲೆಳೆಯಷ್ಟೂ ಕುಸಿಯಬಾರದು.

ಜಂಟಿ ವರಸೆಯನ್ನು ಸರಿಯಾಗಿ ಮಾಡುವವರು ಕಡಿಮೆ. ‘ಸಸ ರಿರಿ ಗಗ’ ಎಂದು ಪ್ರತಿ ಸ್ವರವನ್ನು ಎರಡೆರಡು ಸಲ ಹೇಳಿದರೆ ಅದು ಜಂಟಿಯಲ್ಲ. ಎರಡನೆಯ ರಿಷಭ ಹುಟ್ಟುವಾಗ ಕೆಳಗಿನ ಷಡ್ಜವನ್ನು ಒಂದಿಷ್ಟು ತಾಗಿ ಮೇಲೆ ಬರಬೇಕು, ಎರಡನೆಯದಕ್ಕೇ ಒತ್ತು ಬೀಳಬೇಕು. ಇದೇ ಸ್ಫುರಿತ. ಮುಂದೆ ನೀವು ಹಾಡಲಿರುವ ಗಮಕಗಳಿಗೆಲ್ಲ (ಸ್ವರವನ್ನು ಅಲುಗಿಸುವ, ಜಾರಿಸುವ ಬಗೆಗಳು) ಕಂಠ ಸಿದ್ಧವಾಗುವುದು ಇದರಿಂದ. ಒತ್ತು ಎಲ್ಲಿಂದ ಬರುತ್ತಿದೆ ಎಂದು ಕನ್ನಡಿಯ ಮುಂದೆ ಕುಳಿತು ನೋಡಿಕೊಳ್ಳಿ. ಗಲ್ಲ ಅದುರುತ್ತಿದ್ದರೆ, ತಲೆ ಕುಣಿಯುತ್ತಿದ್ದರೆ ಗಂಟಲು ಸ್ವರವನ್ನು ಬಡಿಯುತ್ತಿದೆ ಎಂದರ್ಥ. ಹೊಟ್ಟೆಯ ಮೇಲೆ ಕೈ ಇಟ್ಟಾಗ ಪ್ರತಿ ಒತ್ತಿಗೂ ಅಲ್ಲಿ ಸಣ್ಣ ಮಿಡಿತ ಸಿಕ್ಕಿದರೆ ದಾರಿ ಸರಿಯಾಗಿದೆ. ಇದನ್ನು ಒಂದನೇ ಕಾಲದಲ್ಲೇ ಮಾಡಿ, ಅವಸರ ಬೇಡ.

ದಾಟು ವರಸೆಯ ಬಗ್ಗೆ ನೀವು ಬರೆದೇ ಇಲ್ಲ, ಅನೇಕ ತರಗತಿಗಳಲ್ಲಿ ಅದನ್ನು ದಾಟಿಯೇ ಮುಂದೆ ಹೋಗುತ್ತಾರೆ. ದಯವಿಟ್ಟು ಸೇರಿಸಿಕೊಳ್ಳಿ. ‘ಸಗ, ರಿಮ, ಗಪ, ಮದ, ಪನಿ, ದಸ’ ಎಂಬ ಸರಳ ದಾಟನ್ನೇ ನೋಡಿ. ಎಲ್ಲವೂ ಒಂದು ಸ್ವರ ಬಿಟ್ಟು ಒಂದು, ಆದರೆ ಅಳತೆ ಒಂದೇ ಅಲ್ಲ. ಸಗ, ರಿಮ, ಪನಿ, ದಸ ನಾಲ್ಕು ಸ್ಥಾನದ ನೆಗೆತ. ಗಪ, ಮದ ಮೂರೇ ಸ್ಥಾನದ್ದು. ಕಿವಿ ಮೊದಲೇ ಗುರಿ ಕಂಡಿರದಿದ್ದರೆ ಕಂಠ ಹಿಂದಿನ ನೆಗೆತದ ಅಳತೆಯಲ್ಲೇ ಹಾರಿ ಪಂಚಮದಿಂದ ಆಚೆ ಬೀಳುತ್ತದೆ. ನೆಗೆಯುವ ಮುನ್ನ ಮುಂದಿನ ಸ್ವರವನ್ನು ಮನಸ್ಸಿನಲ್ಲಿ ಕೇಳಿಸಿಕೊಳ್ಳುವ ಅಭ್ಯಾಸ ಬರುವುದು ಇಲ್ಲಿಯೇ.

ಏಳು ಅಲಂಕಾರಗಳು ತಾಳಕ್ಕಾಗಿ ಇವೆ ಎಂದುಕೊಂಡಿದ್ದೇವೆ, ಉಸಿರಿಗೂ ಅವು ಇವೆ. ನಾಲ್ಕಕ್ಷರದ ಏಕತಾಳ, ಆರರ ರೂಪಕ, ಏಳರ ತ್ರಿಪುಟ, ಹತ್ತರ ಮಠ್ಯ ಮತ್ತು ಝಂಪೆ, ಹದಿನಾಲ್ಕರ ಧ್ರುವ ಮತ್ತು ಅಟ್ಟ. ಈ ಕ್ರಮದಲ್ಲಿ ಒಂದು ಆವರ್ತಕ್ಕೆ ಒಂದು ಉಸಿರು ಎಂದು ಹಾಡಿದರೆ ಉಸಿರು ತಾನಾಗಿ ಬೆಳೆಯುತ್ತದೆ.

ಮೂರನೇ ಕಾಲದ ಕಲಸುವಿಕೆಗೆ ಬರೋಣ. ತಾಳದ ಅಕ್ಷರ ಸೆಕೆಂಡಿಗೊಂದು ಬಿದ್ದರೆ ಮೂರನೇ ಕಾಲದಲ್ಲಿ ಸೆಕೆಂಡಿಗೆ ನಾಲ್ಕು ಸ್ವರ ಬೇಕು. ಜೋರಾದ ದಪ್ಪದನಿ ಆ ವೇಗದಲ್ಲಿ ತಿರುಗಲಾರದು. ಮೊದಲು ಸದ್ದು ತಗ್ಗಿಸಿ. ನಂತರ ಇಡೀ ಸಾಲನ್ನು ಓಡಿಸಬೇಡಿ. ‘ಸರಿಗಮ’ವನ್ನು ಮೂರನೇ ಕಾಲದಲ್ಲಿ ಹಾಡಿ ‘ಪಾ’ದ ಮೇಲೆ ನಿಂತು, ಆ ಪಂಚಮ ಶ್ರುತಿಗೆ ಸೇರಿದೆಯೇ ಎಂದು ಕೇಳಿ, ಆಮೇಲೆ ‘ಪದನಿಸಾ’. ನಿಂತ ಸ್ವರ ಸರಿಯಿದ್ದರೆ ನಡುವಿನವು ಬಹುತೇಕ ಸರಿಯಿರುತ್ತವೆ. ಮೊಬೈಲಿನ ತಾಳದ ಆ್ಯಪ್‌ನಲ್ಲಿ ನಿಮಿಷಕ್ಕೆ 40 ಅಕ್ಷರದಿಂದ ಆರಂಭಿಸಿ. ಅಕಾರದಲ್ಲೂ ಸ್ವರಗಳು ಬಿಡಿಬಿಡಿಯಾಗಿ ಕೇಳಿಸಿದ ಮೇಲಷ್ಟೇ ಸ್ವಲ್ಪ ಏರಿಸಿ. ವೇಗ ಏರಿದಾಗ ತಪ್ಪು ಬಂದರೆ ಹಿಂದಿನ ವೇಗಕ್ಕೆ ಮರಳುವುದರಲ್ಲಿ ಸಂಕೋಚ ಬೇಡ.

ಮಂದ್ರಸ್ಥಾಯಿಗೆ ಬೆಳಗಿನ ಹೊತ್ತು ಒಳ್ಳೆಯದು. ಎದ್ದ ಸ್ವಲ್ಪ ಹೊತ್ತಿಗೆ ದನಿ ಸಹಜವಾಗಿಯೇ ಕೆಳಗಿರುತ್ತದೆ. ಸನಿದಪ ಇಳಿದು ಮಂದ್ರ ಪಂಚಮದಲ್ಲಿ ನಿಲ್ಲಿ. ಗಲ್ಲವನ್ನು ಎದೆಗೆ ಒತ್ತಿ ಕೆಳಗಿನ ಸ್ವರವನ್ನು ಹಿಂಡಿ ತೆಗೆಯಬೇಡಿ, ಎಷ್ಟು ಬರುತ್ತದೋ ಅಷ್ಟೇ ಸಾಕು.

ಹೊತ್ತಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಒಂದು ಗಂಟೆಯನ್ನು ಒಟ್ಟಿಗೆ ಹಾಡುವ ಬದಲು ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ ಹಾಡಿ. ಅರ್ಧ ಗಂಟೆಗೆ ಗಂಟಲು ಕಟ್ಟುವವರು ಅದಕ್ಕೂ ಮೊದಲೇ ನಿಲ್ಲಿಸಬೇಕು. ದಣಿದ ಮೇಲೆ ಮಾಡಿದ ಸಾಧನೆ ಬಿಗಿತವನ್ನೇ ಕಲಿಸುತ್ತದೆ. ನೆಗಡಿ, ಗಂಟಲುನೋವು ಇದ್ದ ದಿನ ಹಾಡದೆ ತಾಳ ಹಾಕುತ್ತ ಸ್ವರವನ್ನು ಮನಸ್ಸಿನಲ್ಲೇ ನಡೆಸಿ. ಮುಟ್ಟಿನ ಮುಂಚಿನ ದಿನಗಳಲ್ಲಿ ಕೆಲವರಿಗೆ ದನಿ ಭಾರವಾಗುತ್ತದೆ, ಮೇಲಿನ ಸ್ವರಗಳು ಹಟ ಹಿಡಿಯುತ್ತವೆ. ಆಗ ಮಧ್ಯಸ್ಥಾಯಿಯಲ್ಲೇ ಇದ್ದರಾಯಿತು. ಬ್ಯಾಂಕಿನಲ್ಲಿ ಗದ್ದಲದ ಮೇಲೆ ದನಿ ಏರಿಸಿ ಮಾತನಾಡುವುದು, ಪದೇಪದೇ ಕೆಮ್ಮಿ ಗಂಟಲು ಸರಿಪಡಿಸಿಕೊಳ್ಳುವುದು ಇವೆರಡನ್ನು ಕಡಿಮೆ ಮಾಡಿದರೆ ಸಂಜೆಯ ದನಿಯಲ್ಲಿ ವ್ಯತ್ಯಾಸ ಕಾಣುತ್ತೀರಿ. ದನಿ ದಣಿದಾಗ ಪಿಸುಮಾತೂ ವಿಶ್ರಾಂತಿಯಲ್ಲ.

ವಯಸ್ಸಿನ ಚಿಂತೆ ಬಿಡಿ. 34 ಎಂದರೆ ಕಂಠ ಪೂರ್ತಿ ಬೆಳೆದು ಗಟ್ಟಿಯಾಗಿರುವ ಕಾಲ. ನಿಮ್ಮಲ್ಲಿ ಕಡಿಮೆ ಇರುವುದು ಬಿಡುವು ಮಾತ್ರ.

ಮನೆಮದ್ದಿನ ಬಗ್ಗೆ ಕೇಳಿದ್ದೀರಿ. ಜ್ಯೇಷ್ಠಮಧು, ಕಲ್ಲುಸಕ್ಕರೆ, ಶುಂಠಿ ಕಷಾಯ ಗಂಟಲಿಗೆ ಹಿತವಾಗಿರಬಹುದು. ಆದರೆ ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ, ಧ್ವನಿತಂತುಗಳು ಇರುವುದು ಶ್ವಾಸನಾಳದ ಬಾಯಿಯಲ್ಲಿ, ಯಾವ ಕಷಾಯವೂ ಅವನ್ನು ಮುಟ್ಟುವುದಿಲ್ಲ. ದಿನವಿಡೀ ಸಾಕಷ್ಟು ನೀರು ಕುಡಿದರೆ ಮೈಯೊಳಗಿನಿಂದಲೇ ಅವು ತೇವವಾಗಿರುತ್ತವೆ. ಹಬೆ ತೆಗೆದುಕೊಂಡರೆ ಅದು ನೇರವಾಗಿ ತಲುಪುತ್ತದೆ. ಹಾಡಿದ ನಂತರ ಕಟ್ಟಿದ ಗಂಟಲು ಮರುದಿನಕ್ಕೆ ಸರಿಹೋಗುತ್ತಿದ್ದರೆ ಅದು ಹಾಡುವ ಕ್ರಮದ ತೊಂದರೆ. ಮಾತಿನ ದನಿಯೇ ಎರಡು ಮೂರು ವಾರ ಒರಟಾಗಿ ಉಳಿದರೆ ಕಿವಿ–ಮೂಗು–ಗಂಟಲು ವೈದ್ಯರಲ್ಲಿ ಧ್ವನಿತಂತುಗಳನ್ನು ನೋಡಿಸಿ. ತಂತುಗಳ ಮೇಲೆ ಸಣ್ಣ ಗಂಟುಗಳೆದ್ದಿದ್ದರೂ ಗಾಬರಿ ಬೇಡ, ಬಹಳಷ್ಟು ಸಲ ಶಸ್ತ್ರಚಿಕಿತ್ಸೆಯಿಲ್ಲದೆ ಧ್ವನಿ ಚಿಕಿತ್ಸೆಯಿಂದಲೇ ಗುಣವಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ಚಿಕಿತ್ಸೆಗೆ ಹೆಸರಾದ ಜಾಗ.

ಕೊನೆಯದಾಗಿ ವರ್ಣ. ತರಗತಿಯನ್ನು ಬಿಡಬೇಡಿ. ವರ್ಣದ ಪಾಠ ಕೇಳಿಸಿಕೊಂಡು ಸ್ವರ, ಸಾಹಿತ್ಯ, ತಾಳ ಬಾಯಿಪಾಠ ಮಾಡಿಕೊಳ್ಳುತ್ತಿರಿ. ಪೂರ್ತಿ ದನಿಯಲ್ಲಿ ಹಾಡಲು ಆರಂಭಿಸುವುದಕ್ಕೆ ನಾನು ಇಡುವ ಅಳತೆ ಹೀಗಿದೆ: ನಿಮ್ಮ ಶ್ರುತಿಯಲ್ಲಿ, ಸರಳೆಯ ಯಾವ ಸಾಲನ್ನಾದರೂ ಎರಡನೇ ಕಾಲದ ಅಕಾರದಲ್ಲಿ ತಾರ ಷಡ್ಜ ಮುಟ್ಟಿ ಇಳಿಯುವಾಗ ದನಿ ಒಡೆಯಬಾರದು, ಸಾಧನೆ ಮುಗಿದಾಗ ನಿಮ್ಮ ಮಾತಿನ ದನಿ ಆರಂಭದಲ್ಲಿ ಇದ್ದ ಹಾಗೆಯೇ ಇರಬೇಕು. ಇದು ಮೂರು ತಿಂಗಳಿಗೂ ಬರಬಹುದು, ಎಂಟು ತಿಂಗಳೂ ಹಿಡಿಯಬಹುದು. ಬಂದ ಮೇಲೆ ಪಲ್ಲವಿ, ಅನುಪಲ್ಲವಿ, ಮುಕ್ತಾಯಿ ಸ್ವರಗಳನ್ನು ಒಂದನೇ ಕಾಲದಲ್ಲಿ ಹಾಡಿ. ಚರಣದ ಎತ್ತುಗಡೆ ಸ್ವರಗಳಲ್ಲಿ ತಾರಸ್ಥಾಯಿಗೆ ಹೋಗುವ ಸಾಲುಗಳು ಬಂದಾಗ ಇಳಿಯುವ ಭಾಗವನ್ನು ಮೊದಲು ಬಿಡಿಸಿ ‘ಊ’ಕಾರದಲ್ಲಿ ಹಾಡಿಕೊಳ್ಳಿ, ಏರುವ ಭಾಗವನ್ನು ಅದಕ್ಕೆ ಆಮೇಲೆ ಜೋಡಿಸಿ.